ಕೈ: ಅಂಗದಿಂದ ವ್ಯಾಕರಣದವರೆಗೆ

ದೇಹದ ಅಂಗಗಳನ್ನು ಹೆಸರಿಸುವ ಕನ್ನಡದ ಪದಗಳಲ್ಲಿ ‘ಕೈ’ ಎಂಬುದರಷ್ಟು ದೂರ ಸಾಗಿದವು ವಿರಳ. ಇದು ದ್ರಾವಿಡ ಮೂಲದ ಪದವಾಗಿದ್ದು, ತಮಿಳು, ಮಲಯಾಳ ಮತ್ತು ತುಳುವಿನಲ್ಲಿಯೂ ‘ಕೈ’ ಎಂದೇ ಉಳಿದಿದೆ; ತೆಲುಗಿನಲ್ಲಿ ಮಾತ್ರ, ನಮ್ಮ ‘ಕಿವಿ’ ಅಲ್ಲಿ ‘ಚೆವಿ’ಯಾದಂತೆ, ಕಕಾರವು ಚಕಾರಕ್ಕೆ ತಿರುಗಿ ‘ಚೇಯಿ’ ಎಂಬ ರೂಪ ಪಡೆದಿದೆ. ಹೀಗಿದ್ದರೂ ಕೈಯಿಂದ ಮೊದಲಾಗುವ ಪದಗಳೆಲ್ಲವೂ ಈ ಕುಲಕ್ಕೆ ಸೇರಿದವಲ್ಲ: ‘ಕೈದಿ’, ‘ಕೈಫಿಯತ್ತು’ಗಳು ಅರಬ್ಬಿಯಿಂದಲೂ ‘ಕೈಂಕರ್ಯ’, ‘ಕೈಲಾಸ’ಗಳು ಸಂಸ್ಕೃತದಿಂದಲೂ ಬಂದವು.

ನಾಮಪದವೊಂದು ಕ್ರಿಯಾಪದದೊಡನೆ ಬೆಸೆದು ಒಂದೇ ಪದವಾಗುವುದನ್ನು ವೈಯಾಕರಣರು ಕ್ರಿಯಾಸಮಾಸವೆಂದು ಕರೆಯುತ್ತಾರೆ. ‘ಕೈಮುಗಿ’ ಎಂಬಲ್ಲಿ ಅಂಗದ ಚಲನೆ ಇನ್ನೂ ಕಣ್ಣಿಗೆ ಕಾಣುತ್ತದೆ. ‘ಕೈಗೊಳ್ಳು’, ‘ಕೈಗೂಡು’ ಎಂಬಲ್ಲಿ ಅದು ಪೂರ್ಣವಾಗಿ ಮರೆಯಾಗಿ, ಹೊಣೆ ಹೊರುವುದು, ನೆರವೇರುವುದು ಎಂಬ ಭಾವಾರ್ಥಗಳಷ್ಟೇ ಉಳಿಯುತ್ತವೆ. ಹಿಡಿತವೇ ಕೈಯ ಮುಖ್ಯ ಕೆಲಸವಾದ್ದರಿಂದ ಒಡೆತನವನ್ನೂ ಹೊಣೆಯನ್ನೂ ಸೂಚಿಸುವ ನುಡಿಗಟ್ಟುಗಳು ಇಲ್ಲಿ ದಟ್ಟವಾಗಿವೆ. ಬಂದದ್ದು ಕೈಸೇರುತ್ತದೆ, ಬರಬೇಕಾದದ್ದು ಕೈತಪ್ಪುತ್ತದೆ, ನಿಯಂತ್ರಣಕ್ಕೆ ಸಿಗದ್ದು ಕೈಮೀರುತ್ತದೆ. ಹೊಣೆಯಿಂದ ಸರಿಯುವ ಬಗೆಗಳಲ್ಲಿಯೂ ಸೂಕ್ಷ್ಮ ವ್ಯತ್ಯಾಸಗಳಿವೆ: ಆಶ್ರಯಿಸಿದವರನ್ನು ತೊರೆಯುವುದು ಕೈಬಿಡುವುದಾದರೆ, ಪ್ರಯತ್ನಿಸಿ ಸೋತು ನಿರಾಶೆಯಿಂದ ಸುಮ್ಮನಾಗುವುದು ಕೈಚೆಲ್ಲುವುದು, ಮಾಡಬೇಕಾದವರು ಏನೂ ಮಾಡದೆ ನೋಡುತ್ತಿರುವುದು ಕೈಕಟ್ಟಿ ಕೂರುವುದು, ಇನ್ನು ಇದಕ್ಕೂ ತಮಗೂ ಸಂಬಂಧವಿಲ್ಲವೆಂದು ದೂರವಾಗುವುದು ಕೈತೊಳೆದುಕೊಳ್ಳುವುದು.

ಒಂದೇ ನುಡಿಗಟ್ಟು ಸಂದರ್ಭಕ್ಕೆ ತಕ್ಕಂತೆ ಬೇರೆಬೇರೆ ಅರ್ಥ ಕೊಡುವುದೂ ಉಂಟು. ಮದುವೆಯ ಮಾತಿನಲ್ಲಿ ‘ಕೈಹಿಡಿ’ ಎಂದರೆ ವರಿಸುವುದು, ಆದರೆ ರೈತನನ್ನು ಬೆಳೆ ಕೈಹಿಡಿಯಿತು ಎಂದಾಗ ಕಷ್ಟದಲ್ಲಿ ಒದಗಿತು ಎಂದರ್ಥ. ಕೈಯೆತ್ತುವವನು ಹೊಡೆಯಲು ಹೊರಟವನಾಗಿರಬಹುದು, ತನ್ನಿಂದಾಗದೆಂದು ಒಪ್ಪಿಕೊಂಡವನೂ ಆಗಿರಬಹುದು. ಎಲ್ಲಕ್ಕಿಂತ ಕುತೂಹಲಕರವಾದದ್ದು ‘ಕೈಕೊಡು’: ಎದ್ದೇಳಲು ಕೈಕೊಟ್ಟನೆಂದರೆ ಆಸರೆಯಾದನೆಂದಾಗುತ್ತದೆ, ನಂಬಿದವನು ಕೈಕೊಟ್ಟನೆಂದರೂ ಮಳೆ ಕೈಕೊಟ್ಟಿತೆಂದರೂ ಒದಗಬೇಕಾದದ್ದು ಒದಗದೆ ಹೋಯಿತೆಂಬ ನೇರ ವಿರುದ್ಧಾರ್ಥ ಹೊರಡುತ್ತದೆ.

ಹಣಕಾಸು ಮತ್ತು ನೈಪುಣ್ಯದ ಲೋಕವೂ ಕೈಯನ್ನೇ ಆಶ್ರಯಿಸಿದೆ. ಪತ್ರವಿಲ್ಲದೆ ನಂಬಿಕೆಯ ಮೇಲೆ ಪಡೆದದ್ದು ಕೈಸಾಲ ಅಥವಾ ಕೈಗಡ, ಲಂಚ ಕೊಡುವುದು ಕೈಬೆಚ್ಚಗೆ ಮಾಡುವುದು, ವ್ಯವಹಾರದಲ್ಲಿ ನಷ್ಟಕ್ಕೀಡಾಗುವುದು ಕೈಸುಟ್ಟುಕೊಳ್ಳುವುದು. ವೈದ್ಯನಿಗೆ ಕೈಗುಣ, ಅಡುಗೆಯವರಿಗೆ ಕೈರುಚಿ, ಜಾದೂಗಾರನಿಗೆ ಕೈಚಳಕ. ‘ಕೈ, ಬಾಯಿ, ಕಚ್ಚೆ’ ಶುದ್ಧವಾಗಿರಬೇಕೆಂಬ ಲೋಕೋಕ್ತಿಯಲ್ಲಿ ಕೈಯೆಂದರೆ ಹಣದ ವಿಷಯದ ಪ್ರಾಮಾಣಿಕತೆ. ದೈಹಿಕ ದುಡಿಮೆಯ ನೆನಪುಳ್ಳ ‘ಕೈಗಾರಿಕೆ’ ಎಂಬ ಪದ ಯಂತ್ರಗಳೇ ದುಡಿಯುವ ಬೃಹತ್ ಉದ್ಯಮಗಳಿಗೂ ಸಲ್ಲುತ್ತದೆ. 1978ರಿಂದ ಹಸ್ತವನ್ನು ಚುನಾವಣಾ ಚಿಹ್ನೆಯಾಗಿಸಿಕೊಂಡ ಕಾಂಗ್ರೆಸ್ಸನ್ನು ಕನ್ನಡ ಪತ್ರಿಕೆಗಳ ತಲೆಬರಹಗಳು ‘ಕೈ ಪಾಳಯ’ ಎಂದೇ ಕರೆಯುತ್ತವೆ.

ಈ ಪಯಣದ ಕೊನೆಯ ಹಂತ ವ್ಯಾಕರಣದ್ದು. ‘ಕೈಯಲ್ಲಿ’ ಎಂಬುದು ಆಡುಮಾತಿನಲ್ಲಿ ‘ಕೈಲಿ’ ಎಂದಾಗಿ, ಮಗನ ಕೈಲಿ ಪತ್ರ ಓದಿಸಿದರು ಎಂಬಂಥ ಪ್ರೇರಣಾರ್ಥಕ ವಾಕ್ಯಗಳಲ್ಲಿ, ಅಂದರೆ ಒಬ್ಬರು ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ಹೇಳುವ ವಾಕ್ಯಗಳಲ್ಲಿ, ತೃತೀಯಾ ವಿಭಕ್ತಿಯ ‘ಇಂದ’ ಪ್ರತ್ಯಯದ ಕೆಲಸ ಮಾಡುತ್ತದೆ. ಓದಿದ್ದು ಕಣ್ಣು ಮತ್ತು ಬಾಯಿ, ಕೈಯಲ್ಲ. ಸಾಮರ್ಥ್ಯವನ್ನು ಹೇಳುವಾಗಲೂ ಹೀಗೆಯೇ: ‘ನನ್ನ ಕೈಲಿ ನಡೆಯೋಕಾಗಲ್ಲ’ ಎಂಬ ಮಾತು ಕಾಲಿನ ಅಶಕ್ತಿಯನ್ನು ಕೈಯ ಹೆಸರಿನಲ್ಲಿ ಹೇಳಿದರೂ ಕೇಳುಗರಿಗೆ ಅದರಲ್ಲಿ ಯಾವ ಅಸಂಗತಿಯೂ ತೋರುವುದಿಲ್ಲ, ಏಕೆಂದರೆ ಅಂಗದ ಹೆಸರು ಅಲ್ಲಿ ಪ್ರತ್ಯಯಕ್ಕೆ ಸಮನಾಗಿಬಿಟ್ಟಿದೆ. ಆದ್ದರಿಂದ ‘ಹಸ್ತ’, ‘ಕರ’ ಎಂಬ ಸಮಾನಪದಗಳನ್ನು ಕೊಟ್ಟು ಮುಗಿಸುವ ಅರ್ಥಕೋಶ ಈ ಪದದ ಬಳಕೆಯ ಅಲ್ಪಭಾಗವನ್ನಷ್ಟೇ ಹೇಳಿದಂತಾಗುತ್ತದೆ. ಕನ್ನಡವನ್ನು ಹೊಸದಾಗಿ ಕಲಿಯುವವರಿಗೆ ಕೈಯ ಅರ್ಥಕ್ಕಿಂತ ಅದು ಯಾವ ಕ್ರಿಯಾಪದದೊಡನೆ, ಯಾರ ಕುರಿತು ಬಂದಿದೆ ಎಂಬ ತಿಳಿವಳಿಕೆಯೇ ಹೆಚ್ಚು ಅಗತ್ಯ.