ಕರುಣಾಳು ಬೆಳಕಿನ ಪಯಣ

ಕನ್ನಡ ನಾಡಿನಲ್ಲಿ ‘ಕರುಣಾಳು ಬಾ ಬೆಳಕೆ’ ಎಂಬ ಗೀತೆಯನ್ನು ಕೇಳದವರು ವಿರಳ. ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳ ಕೊರಳಿನಿಂದ, ಸಭೆಯ ಆರಂಭದಲ್ಲಿ ಗಾಯಕರ ಕಂಠದಿಂದ, ಮನೆಯಲ್ಲಿ ಸಂಜೆಯ ದೀಪ ಹೊತ್ತಿಸಿದ ಮೇಲೆ ಹಿರಿಯರ ಬಾಯಿಂದ ಅದು ಕೇಳಿಬರುತ್ತದೆ. ದಾಸರ ಪದಗಳ ಪಕ್ಕದಲ್ಲಿ, ಶರಣರ ವಚನಗಳ ಪಕ್ಕದಲ್ಲಿ ಅದು ಯಾವ ಸಂಕೋಚವೂ ಇಲ್ಲದೆ ನೆಲೆಯೂರಿದೆ. ಹಾಡುವವರಲ್ಲಿ ಹಲವರಿಗೆ ಅದು ಬೇರೊಂದು ಭಾಷೆಯಿಂದ ಬಂದುದೆಂಬ ನೆನಪೂ ಇರುವುದಿಲ್ಲ.

ಆದರೆ ಈ ಗೀತೆ ಹುಟ್ಟಿದುದು ಸಾವಿರಾರು ಮೈಲಿ ದೂರದ ಒಂದು ಸಮುದ್ರದ ಮೇಲೆ, ಕಿತ್ತಿಳೆ ಹಣ್ಣು ಸಾಗಿಸುವ ಒಂದು ಹಡಗಿನಲ್ಲಿ, ಸಾವಿನ ಬಾಯಿಂದ ಆಗತಾನೆ ಪಾರಾಗಿ ಬಂದಿದ್ದ ಒಬ್ಬ ಆಂಗ್ಲ ಕ್ರೈಸ್ತ ಗುರುವಿನ ಲೇಖನಿಯಿಂದ. ‘ಲೀಡ್ ಕೈಂಡ್ಲಿ ಲೈಟ್’ ಎಂದು ಲೋಕಪ್ರಸಿದ್ಧವಾದ ಆ ಗೀತೆ ತನ್ನ ಕವಿಯ ಮತ, ದೇಶ, ಭಾಷೆಗಳ ಎಲ್ಲೆಗಳನ್ನು ದಾಟಿ ಪರರ ಮನೆಯ ಪ್ರಾರ್ಥನೆಯಾದ ಬಗೆ ಸ್ವಾರಸ್ಯಕರವಾದುದು.

ಗಾಳಿಯಿಲ್ಲದ ಕಡಲಿನಲ್ಲಿ

ಜಾನ್ ಹೆನ್ರಿ ನ್ಯೂಮನ್ನರು ಹುಟ್ಟಿದುದು ೧೮೦೧ರ ಫೆಬ್ರವರಿ ೨೧ರಂದು, ಲಂಡನ್ನಿನಲ್ಲಿ. ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದ ಅವರು ೧೮೨೨ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದರು. ೧೮೨೮ರಲ್ಲಿ ಅಲ್ಲಿಯ ಸೇಂಟ್ ಮೇರಿ ಚರ್ಚಿನ ಗುರುಗಳಾದರು. ಕುಶಾಗ್ರಬುದ್ಧಿ, ಮಿತವಾದ ಮಾತು, ಒಳಗೊಳಗೇ ಉರಿಯುವ ಶ್ರದ್ಧೆ ಇವು ಆ ತರುಣ ಗುರುವಿನ ಲಕ್ಷಣಗಳು.

೧೮೩೨ರ ಡಿಸೆಂಬರಿನಲ್ಲಿ ನ್ಯೂಮನ್ನರು ತಮ್ಮ ಮಿತ್ರ ಹರೆಲ್ ಫ್ರೌಡ್ ಮತ್ತು ಆತನ ತಂದೆಯೊಡನೆ ಮೆಡಿಟರೇನಿಯನ್ ಸಮುದ್ರದ ಕಡೆಗೆ ಪ್ರಯಾಣ ಹೊರಟರು. ಫ್ರೌಡನಿಗೆ ಕ್ಷಯರೋಗ; ಇಂಗ್ಲೆಂಡಿನ ಚಳಿಯಿಂದ ದೂರವಿದ್ದರೆ ಗುಣವಾದೀತೆಂಬ ಆಸೆ. ಮಾಲ್ಟಾ, ನೇಪಲ್ಸ್, ರೋಮ್ ನಗರಗಳನ್ನು ಕಂಡಮೇಲೆ ತಂದೆ ಮಗ ಇಬ್ಬರೂ ಊರಿಗೆ ಹಿಂದಿರುಗಿದರು. ನ್ಯೂಮನ್ನರಿಗೆ ಮಾತ್ರ ಸಿಸಿಲಿ ದ್ವೀಪವನ್ನು ಮತ್ತೊಮ್ಮೆ ನೋಡುವ ಹಂಬಲ. ಜೊತೆಗೆ ಒಬ್ಬ ಸೇವಕನನ್ನು ಮಾತ್ರ ಕರೆದುಕೊಂಡು ಅವರು ಅತ್ತ ತೆರಳಿದರು.

ಅಲ್ಲಿ ವಿಷಮಜ್ವರ ಅವರನ್ನು ಕೆಡವಿತು. ಗುಡ್ಡಗಾಡಿನ ಪರಊರಿನಲ್ಲಿ, ಭಾಷೆ ಬಲ್ಲವರಾಗಲಿ ಬಂಧುಗಳಾಗಲಿ ಇಲ್ಲದೆ, ಮೂರು ವಾರಗಳ ಕಾಲ ಅವರು ಜೀವನ್ಮರಣಗಳ ನಡುವೆ ತೂಗಾಡಿದರು. ಸೇವಕನು ಅವರ ಕೊನೆಯ ಇಚ್ಛೆಗಳನ್ನು ಕೇಳಿ ತಿಳಿದುಕೊಂಡಿದ್ದನು. ಆದರೆ ರೋಗಿಯ ಮನಸ್ಸಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು: ತಾನು ಬೆಳಕಿಗೆ ದ್ರೋಹ ಬಗೆದವನಲ್ಲ, ಆದಕಾರಣ ಈಗ ಸಾಯುವುದಿಲ್ಲ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸ ಕಾದಿದೆ. ಆ ಕೆಲಸ ಯಾವುದೆಂಬುದು ಅವರಿಗೂ ಸ್ಪಷ್ಟವಿರಲಿಲ್ಲ. ಜ್ವರ ಇಳಿದ ಮೇಲೆ ಒಂದು ದಿನ ಹಾಸಿಗೆಯ ಅಂಚಿನಲ್ಲಿ ಕುಳಿತು ಬಿಕ್ಕಿಬಿಕ್ಕಿ ಅತ್ತರೆಂದು ಅವರೇ ಬರೆದಿದ್ದಾರೆ.

ಊರಿಗೆ ಮರಳುವ ತವಕವೇನೋ ತೀವ್ರವಾಗಿತ್ತು, ಹಡಗು ಸಿಗಲಿಲ್ಲ. ಪಲೆರ್ಮೊ ಬಂದರಿನಲ್ಲಿ ಮೂರು ವಾರ ಕಾದ ಮೇಲೆ ಮಾರ್ಸೇಲ್ಸ್ ನಗರಕ್ಕೆ ಕಿತ್ತಿಳೆ ಹಣ್ಣು ಹೊತ್ತೊಯ್ಯುವ ಹಡಗೊಂದು ದೊರೆಯಿತು. ಕಾರ್ಸಿಕಾ ಮತ್ತು ಸಾರ್ಡಿನಿಯಾ ದ್ವೀಪಗಳ ನಡುವೆ ಬೊನಿಫಾಸಿಯೊ ಎಂಬ ಜಲಸಂಧಿಯಿದೆ. ಹಡಗು ಅಲ್ಲಿಗೆ ಬಂದಾಗ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿದ್ದಿತು. ಒಂದು ದಿನವಲ್ಲ, ಎರಡು ದಿನವಲ್ಲ, ಇಡೀ ಒಂದು ವಾರ ಹಡಗು ನಿಂತಲ್ಲೇ ನಿಂತಿತು. ಈ ಗೀತೆ ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಹುಟ್ಟಿತೆಂದು ಊಹಿಸುವವರುಂಟು. ವಾಸ್ತವವಾಗಿ ಅದನ್ನು ಹುಟ್ಟಿಸಿದುದು ಬಿರುಗಾಳಿಯಲ್ಲ, ಗಾಳಿಯೇ ಇಲ್ಲದ ಸ್ತಬ್ಧತೆ. ಮುಂದೆ ಹೋಗಲಾರದೆ, ಹಿಂದೆ ಮರಳಲಾರದೆ ಕುಳಿತ ಆ ದಿನಗಳಲ್ಲೊಂದು ದಿನ, ೧೮೩೩ರ ಜೂನ್ ೧೬ರಂದು, ನ್ಯೂಮನ್ನರು ಮೂರು ಪದ್ಯಗಳ ಈ ಪುಟ್ಟ ಕವಿತೆಯನ್ನು ಬರೆದರು.

ಕೇಳಿದುದು ಎಷ್ಟು?

ಪ್ರಾರ್ಥನೆಯೆಂದರೆ ಸಾಮಾನ್ಯವಾಗಿ ಬೇಡಿಕೆಗಳ ಪಟ್ಟಿ. ಈ ಪ್ರಾರ್ಥನೆಯ ಬೇಡಿಕೆಯಾದರೋ ಬಹಳ ಸಣ್ಣದು. ಇರುಳು ಕವಿದಿದೆ, ಮನೆ ದೂರವಿದೆ. ಆದರೂ ಕವಿ ದಾರಿಯ ಕೊನೆಯವರೆಗೂ ಕಾಣುವ ನೋಟವನ್ನು ಬಯಸುವುದಿಲ್ಲ. ಪಾದ ತಪ್ಪದಿರಲು ಬೇಕಾಗುವಷ್ಟು ಬೆಳಕು, ಮುಂದಿನ ಹೆಜ್ಜೆಯನ್ನು ಇಡಲು ಬೇಕಾಗುವಷ್ಟು ಆಸರೆ, ಇಷ್ಟನ್ನೇ ಕೇಳುತ್ತಾನೆ. ಎರಡನೆಯ ಪದ್ಯ ಒಂದು ತಪ್ಪೊಪ್ಪಿಗೆ: ಹಿಂದೆ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವ ಹೆಮ್ಮೆಯಿತ್ತು, ಥಳಕಿನ ಹಗಲಿನ ಮೋಹವಿತ್ತು. ಮೂರನೆಯದು ಭರವಸೆ: ಇದುವರೆಗೆ ಕಾಪಾಡಿದ ಶಕ್ತಿ ಮುಂದೆಯೂ ಕಾಡುಮೇಡುಗಳನ್ನು ದಾಟಿಸೀತು, ಬೆಳಗಾದಾಗ ಎಂದೋ ಅಗಲಿದ ಪ್ರೀತಿಯ ಮುಖಗಳು ಕಂಡಾವು.

ಆ ಹೆಜ್ಜೆ ತಮ್ಮನ್ನು ಎಲ್ಲಿಗೆ ಕೊಂಡೊಯ್ಯುವುದೆಂದು ನ್ಯೂಮನ್ನರು ಅಂದು ಊಹಿಸಿರಲಾರರು. ಅವರು ಊರು ಸೇರಿದ ಕೆಲವೇ ದಿನಗಳಲ್ಲಿ, ೧೮೩೩ರ ಜುಲೈ ೧೪ರಂದು, ಜಾನ್ ಕೀಬಲ್ಲರು ಮಾಡಿದ ಉಪದೇಶದಿಂದ ‘ಆಕ್ಸ್‌ಫರ್ಡ್ ಚಳವಳಿ’ ಮೊದಲಾಯಿತು. ಆಂಗ್ಲ ಚರ್ಚಿಗೆ ಅದರ ಪ್ರಾಚೀನ ಪರಂಪರೆಯನ್ನು ನೆನಪಿಸಿಕೊಡಲು ಹೊರಟ ಆ ಚಳವಳಿಗೆ ನ್ಯೂಮನ್ನರೇ ಮುಂದಾಳಾದರು. ಆದರೆ ಪರಂಪರೆಯನ್ನು ಹುಡುಕುತ್ತ ಹೋದ ಅವರನ್ನು ಅವರ ಅಂತಸ್ಸಾಕ್ಷಿ ತಮ್ಮ ಚರ್ಚಿನಿಂದಲೇ ಹೊರಕ್ಕೆ ನಡೆಸಿತು. ೧೮೪೫ರ ಅಕ್ಟೋಬರ್ ೯ರಂದು ಅವರು ರೋಮನ್ ಕ್ಯಾಥೊಲಿಕ್ ಚರ್ಚನ್ನು ಸೇರಿದರು. ಅಂದಿನ ಇಂಗ್ಲೆಂಡಿನಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಪ್ರಾಣಕ್ಕೆ ಪ್ರಾಣವಾಗಿದ್ದ ಆಕ್ಸ್‌ಫರ್ಡ್ ಕೈತಪ್ಪಿತು, ಹತ್ತಿರದ ಮಿತ್ರರು ದೂರವಾದರು, ಎರಡು ಕಡೆಯವರ ಸಂದೇಹಕ್ಕೂ ಅವರು ಗುರಿಯಾದರು. ಒಂದೊಂದೇ ಹೆಜ್ಜೆ ಸಾಕೆಂದು ಬೇಡಿದವನು ಆ ಹೆಜ್ಜೆಗೆ ತೆರಬೇಕಾದ ಬೆಲೆಯನ್ನೂ ತೆತ್ತನು. ೧೮೭೯ರಲ್ಲಿ ಪೋಪರು ಅವರಿಗೆ ಕಾರ್ಡಿನಲ್ ಪದವಿಯನ್ನು ಕೊಟ್ಟರು. ೧೮೯೦ರ ಆಗಸ್ಟ್ ೧೧ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಅವರು ತೀರಿಕೊಂಡರು. ೨೦೧೯ರ ಅಕ್ಟೋಬರ್ ೧೩ರಂದು ಅವರನ್ನು ಸಂತರೆಂದು ಸಾರಲಾಯಿತು.

ಕವಿತೆ ಹಾಡಾಯಿತು

ನ್ಯೂಮನ್ನರು ಇದನ್ನು ದೇವಾಲಯದಲ್ಲಿ ಹಾಡುವ ಸ್ತೋತ್ರವೆಂದು ಬರೆದಿರಲಿಲ್ಲ. ಅದು ಅವರ ಸ್ವಂತದ ನಿವೇದನೆ. ೧೮೩೪ರಲ್ಲಿ ಒಂದು ಪತ್ರಿಕೆಯಲ್ಲಿ, ೧೮೩೬ರಲ್ಲಿ ‘ಲೈರಾ ಅಪಾಸ್ಟಾಲಿಕಾ’ ಎಂಬ ಸಂಕಲನದಲ್ಲಿ ಅದು ಅಚ್ಚಾಯಿತು. ಮುಂದೆ ಅವರು ಅದಕ್ಕೆ ‘ಮೇಘಸ್ತಂಭ’ ಎಂಬ ಅರ್ಥದ ಹೆಸರಿಟ್ಟರು. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲರನ್ನು ದೇವರು ಹಗಲಿನಲ್ಲಿ ಮೇಘದ ಕಂಬವಾಗಿ, ಇರುಳಿನಲ್ಲಿ ಬೆಂಕಿಯ ಕಂಬವಾಗಿ ಮುನ್ನಡೆಸಿದನೆಂಬ ಬೈಬಲಿನ ಕಥೆ ಆ ಹೆಸರಿಗೆ ಮೂಲ.

೧೮೬೫ರಲ್ಲಿ ಡರ್ಹಮ್ ನಗರದ ಪಾದ್ರಿ ಜಾನ್ ಬ್ಯಾಕಸ್ ಡೈಕ್ಸ್ ಎಂಬುವರು ಇದಕ್ಕೆ ಒಂದು ರಾಗವನ್ನು ಸಂಯೋಜಿಸಿದರು. ಲಂಡನ್ನಿನ ಜನನಿಬಿಡವಾದ ಸ್ಟ್ರ್ಯಾಂಡ್ ಬೀದಿಯಲ್ಲಿ ನಡೆದುಹೋಗುತ್ತಿರುವಾಗ ಆ ರಾಗ ಹೊಳೆಯಿತೆಂದು ಹೇಳುತ್ತಾರೆ. ಹಾಡು ಮನೆಮನೆಗೂ ಹರಡಿತು. ಜನ ಹೊಗಳಿದಾಗ ನ್ಯೂಮನ್ನರು ಆ ಕೀರ್ತಿಯೆಲ್ಲ ಡೈಕ್ಸರ ರಾಗಕ್ಕೆ ಸೇರಿದ್ದೆಂದರು. ಬಿಕರ್‌ಸ್ಟೆತ್ ಎಂಬ ಇನ್ನೊಬ್ಬ ಗುರುಗಳು ತಾವೇ ನಾಲ್ಕನೆಯ ಪದ್ಯವೊಂದನ್ನು ಬರೆದು ಸೇರಿಸಿದಾಗ ಮಾತ್ರ ಅವರಿಗೆ ಅದು ಹಿಡಿಸಲಿಲ್ಲ. ೧೮೭೯ರಲ್ಲಿ ಒಬ್ಬರು ಪತ್ರ ಬರೆದು, ಕೊನೆಯಲ್ಲಿ ಬರುವ ಆ ಪ್ರೀತಿಯ ಮುಖಗಳು ಯಾರವು, ಅದರ ಅರ್ಥವೇನು ಎಂದು ಕೇಳಿದರು. ಸುಮಾರು ಐವತ್ತು ವರ್ಷಗಳ ಹಿಂದೆ, ಮನೆಯ ಹಂಬಲದಲ್ಲಿ, ಕಡಲಿನ ಮೇಲೆ ಬಂದುಹೋದ ಮನಃಸ್ಥಿತಿಗೆ ಈಗ ಅರ್ಥ ಹೇಳೆಂದು ಕವಿಯನ್ನು ಕಟ್ಟಿಹಾಕುವುದು ಸರಿಯಲ್ಲವೆಂಬ ಅಭಿಪ್ರಾಯದ ಉತ್ತರ ಬಂದಿತು. ಅಷ್ಟರಲ್ಲಿ ಗೀತೆ ಕವಿಯ ಕೈಯಿಂದ ಜಾರಿ ಹಾಡುವವರ ಸೊತ್ತಾಗಿತ್ತು.

ಕತ್ತಲೆಯ ಸಂಗಾತಿ

ಡೈಕ್ಸರು ನೆಲೆಸಿದ್ದ ಆ ಡರ್ಹಮ್ ಸೀಮೆಯೆಲ್ಲ ಕಲ್ಲಿದ್ದಲ ನಾಡು. ಅಲ್ಲಿಯ ಗಣಿಕೆಲಸಗಾರರಿಗೆ ಈ ಗೀತೆ ಬಹು ಪ್ರಿಯವಾಗಿತ್ತು. ೧೯೦೯ರ ಫೆಬ್ರವರಿ ೧೬ರಂದು ಸ್ಟ್ಯಾನ್ಲಿ ಎಂಬ ಊರಿನ ಗಣಿಯಲ್ಲಿ ಭೀಕರ ಸ್ಫೋಟವಾಗಿ ೧೬೮ ಮಂದಿ ಗಂಡಸರು, ಹುಡುಗರು ಸತ್ತರು. ನೆಲದಾಳದ ಒಂದು ಭಾಗದಲ್ಲಿ ಉಸಿರಾಡಲು ಯೋಗ್ಯವಾದ ಗಾಳಿ ಉಳಿದಿತ್ತು. ಬದುಕಿ ಉಳಿದ ಒಂದು ಗುಂಪು ಅಲ್ಲಿ ಸೇರಿ ಕುಳಿತಿತು. ದೀಪವಿಲ್ಲ, ದಾರಿಯಿಲ್ಲ. ಆ ಗಾಢಾಂಧಕಾರದಲ್ಲಿ ಒಬ್ಬನು ಮೆಲ್ಲಗೆ ಈ ಹಾಡನ್ನು ಗುನುಗತೊಡಗಿದನು, ಉಳಿದವರು ದನಿಗೂಡಿಸಿದರು. ಹಾಡು ಮುಗಿಯುವಷ್ಟರಲ್ಲಿ, ಗಾಯಗೊಂಡಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬನು ಅವರ ನಡುವೆಯೇ ಅಸುನೀಗಿದನು. ಗಂಟೆಗಟ್ಟಲೆ ಕಾದ ಮೇಲೆ ಉಳಿದವರಿಗೆ ರಕ್ಷಣೆ ದೊರೆಯಿತು.

೧೯೧೨ರ ಏಪ್ರಿಲ್ ೧೪, ಭಾನುವಾರ. ಟೈಟಾನಿಕ್ ಹಡಗಿನ ಎರಡನೆಯ ದರ್ಜೆಯ ಭೋಜನಶಾಲೆಯಲ್ಲಿ ಅರ್ನೆಸ್ಟ್ ಕಾರ್ಟರ್ ಎಂಬ ಪಾದ್ರಿ ರಾತ್ರಿ ಪ್ರಾರ್ಥನಾಗೀತೆಗಳ ಕೂಟವೊಂದನ್ನು ಏರ್ಪಡಿಸಿದ್ದರು. ಪ್ರಯಾಣಿಕರು ತಮಗಿಷ್ಟವಾದ ಗೀತೆಗಳನ್ನು ಹೆಸರಿಸಿ ಹಾಡಿಸಿದರು. ತರುಣಿಯೊಬ್ಬಳು ಒಂಟಿಯಾಗಿ ನಿಂತು ‘ಲೀಡ್ ಕೈಂಡ್ಲಿ ಲೈಟ್’ ಹಾಡಿದಳು. ಕೂಟ ಮುಗಿದ ಸ್ವಲ್ಪ ಹೊತ್ತಿನಲ್ಲೇ, ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ, ಹಡಗು ನೀರ್ಗಲ್ಲಿಗೆ ತಾಗಿತು. ಕಾರ್ಟರ್ ದಂಪತಿಗಳು ಬದುಕಿ ಬರಲಿಲ್ಲ.

ಗಾಂಧೀಜಿಯ ಕೋರಿಕೆ

ಭಾರತೀಯರ ಪಾಲಿಗೆ ಈ ಗೀತೆ ಆತ್ಮೀಯವಾದುದು ಗಾಂಧೀಜಿಯವರ ಮೂಲಕ. ೧೯೦೮ರ ಫೆಬ್ರವರಿ ೧೦ರಂದು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನಲ್ಲಿ, ಸರಕಾರದೊಡನೆ ಆದ ಒಪ್ಪಂದದಂತೆ ಹೆಸರು ನೋಂದಾಯಿಸಲು ಅವರು ಹೋಗುತ್ತಿದ್ದರು. ಒಪ್ಪಂದದಿಂದ ಕೆರಳಿದ್ದ ಮೀರ್ ಆಲಂ ಎಂಬ ಪಠಾಣನೂ ಅವನ ಸಂಗಡಿಗರೂ ಅವರನ್ನು ಬೀದಿಯಲ್ಲಿ ಹೊಡೆದು ಕೆಡವಿದರು. ಜೋಸೆಫ್ ಡೋಕ್ ಎಂಬ ಪಾದ್ರಿ ಗಾಯಾಳುವನ್ನು ತಮ್ಮ ಮನೆಗೆ ಕರೆದೊಯ್ದರು. ಕೆನ್ನೆಗೂ ತುಟಿಗೂ ಹೊಲಿಗೆ ಹಾಕಿದ ವೈದ್ಯರು ಮಾತನಾಡಕೂಡದೆಂದು ವಿಧಿಸಿದರು. ಹೊಡೆದವರ ಮೇಲೆ ಮೊಕದ್ದಮೆ ಹೂಡಲು ಗಾಂಧೀಜಿಗೆ ಮನಸ್ಸಿರಲಿಲ್ಲ. ಅವರು ಒಂದು ಚೀಟಿ ಬರೆದು ಡೋಕ್ ಅವರ ಕೈಗಿತ್ತರು: ನಿಮ್ಮ ಪುಟ್ಟ ಮಗಳು ಆಲಿವ್ ಒಮ್ಮೆ ‘ಲೀಡ್ ಕೈಂಡ್ಲಿ ಲೈಟ್’ ಹಾಡುವಳೆ? ಬಾಲಕಿ ಬಾಗಿಲ ಬಳಿ ನಿಂತು ಮೆಲುದನಿಯಲ್ಲಿ ಹಾಡಿದಳು. ಆ ದೃಶ್ಯ ಬಹುಕಾಲ ಕಣ್ಣಿಗೆ ಕಟ್ಟಿದಂತಿತ್ತೆಂಬುದು ಗಾಂಧೀಜಿಯವರೇ ಬರೆದಿಟ್ಟ ವೃತ್ತಾಂತದಿಂದ ತಿಳಿಯುತ್ತದೆ.

ಮುಂದೆ ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ಅನುವಾದ ‘ಪ್ರೇಮಲ ಜ್ಯೋತಿ’ ಆಶ್ರಮದ ಭಜನೆಗಳಲ್ಲಿ ಸೇರಿತು. ದೊಡ್ಡ ಹೋರಾಟಗಳ ನಡುವೆ ಮುಂದೇನು ಎಂದು ಕೇಳಿದವರಿಗೆ, ತನಗೆ ಎದುರಿನ ಒಂದು ಹೆಜ್ಜೆ ಕಂಡರೆ ಸಾಕೆಂದು ಗಾಂಧೀಜಿ ಹೇಳುತ್ತಿದ್ದ ಮಾತಿನ ಹಿಂದೆ ನ್ಯೂಮನ್ನರ ಕವಿತೆಯಿದೆ.

ಕನ್ನಡದ ಉಡುಗೆ

ಕನ್ನಡಕ್ಕೆ ಈ ಬೆಳಕನ್ನು ಕರೆತಂದವರು ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು, ಕನ್ನಡಿಗರ ಬಾಯಲ್ಲಿ ಬಿ.ಎಂ.ಶ್ರೀ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಇಂಗ್ಲಿಷನ್ನು; ಚಿಂತಿಸುತ್ತಿದ್ದುದು ಕನ್ನಡವನ್ನು. ಇಂಗ್ಲಿಷ್ ಕಲಿತವರು ಕನ್ನಡವನ್ನು ಕಡೆಗಣ್ಣಿನಿಂದ ನೋಡುತ್ತಿದ್ದ ಕಾಲ ಅದು. ಕನ್ನಡ ಮಾತು ತಲೆಯೆತ್ತುವ ಬಗೆ ಹೇಗೆಂದು ಅವರು ೧೯೧೧ರಲ್ಲಿ ಧಾರವಾಡದಲ್ಲಿ ಉಪನ್ಯಾಸ ಮಾಡಿದರು. ಆ ಪ್ರಶ್ನೆಗೆ ಅವರು ಕೃತಿಯ ರೂಪದಲ್ಲಿ ಕೊಟ್ಟ ಉತ್ತರವೇ ‘ಇಂಗ್ಲಿಷ್ ಗೀತಗಳು’. ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಆ ಸಂಕಲನದಲ್ಲಿ ನ್ಯೂಮನ್ನರ ಕವಿತೆ ‘ಕರುಣಾಳು ಬಾ ಬೆಳಕೆ’ ಆಯಿತು.

ಮೂಲದಲ್ಲಿ ಒಂದು ಉದ್ದದ ಸಾಲು, ಬಳಿಕ ಉಸಿರು ನಿಲ್ಲಿಸಿದಂತೆ ಒಂದು ಗಿಡ್ಡ ಸಾಲು. ಶ್ರೀಯವರು ಐದೈದು ಮಾತ್ರೆಗಳ ನಡಿಗೆಯನ್ನು ಹಿಡಿದು, ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಉಳಿಸಿಕೊಂಡು, ಆ ಉಸಿರಾಟವನ್ನು ಕನ್ನಡಕ್ಕೆ ಇಳಿಸಿದರು. ಅನುವಾದ ಮೂಲಕ್ಕೆ ನಿಷ್ಠವಾಗಿದೆ. ಆದರೂ ಎರಡು ಸಣ್ಣ ಮಾತುಗಳಲ್ಲಿ ಕನ್ನಡದ ಮನಸ್ಸು ಮಿಡಿದಿದೆ. ಇಂಗ್ಲಿಷಿನ ಕವಿ ಬೆಳಕಿಗೆ ಮುನ್ನಡೆಸೆಂದು ಹೇಳುತ್ತಾನೆ. ಕನ್ನಡದ ಕವಿ ಅದಕ್ಕೂ ಮೊದಲು ‘ಬಾ’ ಎನ್ನುತ್ತಾನೆ. ಬಳಿಕ ಮಗುವಿನಂತೆ ಕೈಯನ್ನು ಚಾಚುತ್ತಾನೆ. ‘ಕರುಣಾಳು’ ಎಂಬುದು ನಾವು ವ್ಯಕ್ತಿಗೆ, ದೇವರಿಗೆ ಹೇಳುವ ಮಾತು. ಹೀಗಾಗಿ ಬೆಳಕು ಇಲ್ಲಿ ಹೆಚ್ಚು ಹತ್ತಿರದ್ದಾಯಿತು, ಮನೆಯ ಹಿರಿಯರಂತೆ ಕರೆದರೆ ಬರುವಂಥದಾಯಿತು.

ಇದು ಎಲ್ಲರ ಗೀತೆಯಾಗಲು ಇನ್ನೊಂದು ಕಾರಣವುಂಟು. ಬರೆದವರು ಕ್ರೈಸ್ತ ಗುರುಗಳಾದರೂ ಮೂಲ ಕವಿತೆಯಲ್ಲಿ ಎಲ್ಲಿಯೂ ಕ್ರಿಸ್ತನ ಹೆಸರಿಲ್ಲ. ಇರುವುದು ಇರುಳು, ದಾರಿ, ದಾರಿಗ ಮತ್ತು ಬೆಳಕು. ಕತ್ತಲೆಯಿಂದ ಬೆಳಕಿಗೆ ಒಯ್ಯೆಂದು ಬೇಡುವ ಬೃಹದಾರಣ್ಯಕೋಪನಿಷತ್ತಿನ ನಾಡಿಗೆ ಈ ಚಿತ್ರ ಹೊಸದೇನಲ್ಲ. ಹೊಸದಾಗಿ ತೋರುವುದು ಅದರ ವಿನಯ. ಋಷಿ ಕತ್ತಲೆಯ ಆಚೆಗೆ ಹೋಗಬಯಸಿದನು. ಈ ದಾರಿಗನು ಕತ್ತಲೆಯೊಳಗೇ ಜೊತೆಗೆ ನಡೆದು ಬರುವ ಬೆಳಕನ್ನು ಕೇಳುತ್ತಾನೆ.

ಬಿ.ಎಂ.ಶ್ರೀ ಅವರು ೧೯೪೬ರ ಜನವರಿಯಲ್ಲಿ ಧಾರವಾಡದಲ್ಲಿ ಕಣ್ಮುಚ್ಚಿದರು. ಅವರು ಬಿತ್ತಿದ ಹೊಸ ಕಾವ್ಯ ಹೆಮ್ಮರವಾಗಿ ಬೆಳೆಯಿತು. ಹೊಸ ಹೊಸ ಮಾರ್ಗಗಳು ಬಂದುವು, ಹೋದುವು. ಈ ಗೀತೆ ಮಾತ್ರ ಹಳತಾಗಲಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ರಾತ್ರಿ ಕಳೆಯುವ ಮನೆಯವರಿಗೆ, ಓದು ಮುಗಿದು ಕೆಲಸ ದೊರೆಯದೆ ದಿನ ಎಣಿಸುವ ತರುಣನಿಗೆ, ಮಗಳನ್ನು ದೂರದೇಶಕ್ಕೆ ಕಳುಹಿಸಿ ಬಾಗಿಲು ಮುಚ್ಚಿಕೊಂಡು ಒಳಗೆ ಬರುವ ತಾಯಿಗೆ ದಾರಿಯ ಕೊನೆ ಕಾಣುವುದಿಲ್ಲ. ಗಾಳಿಯಿಲ್ಲದ ಕಡಲಿನಲ್ಲಿ ನಿಂತ ಹಡಗು ಯಾರ ಬಾಳಿನಲ್ಲಿ ಇಲ್ಲ? ಅಂಥ ಹೊತ್ತಿನಲ್ಲಿ ಈ ಗೀತೆ ಬೇಗನೆ ಬೆಳಗಾಗುವುದೆಂದು ಯಾರಿಗೂ ಮಾತು ಕೊಡುವುದಿಲ್ಲ. ನಾಳೆ ಬೆಳಗ್ಗೆ ಎದ್ದು ಮಾಡಬೇಕಾದ ಒಂದು ಕೆಲಸವನ್ನು ತೋರಿಸುತ್ತದೆ. ಅದನ್ನು ಮಾಡುವಷ್ಟು ಧೈರ್ಯವನ್ನು ಕೊಡುತ್ತದೆ.