ಮಂಡೇಲಾ ತೋರಿದ ಸಂಧಾನದ ದಾರಿ



ಜುಲೈ 18 ನೆಲ್ಸನ್ ಮಂಡೇಲಾ ಅವರ ಜನ್ಮದಿನ. 1918ರಲ್ಲಿ ದಕ್ಷಿಣ ಆಫ್ರಿಕದ ಒಂದು ಹಳ್ಳಿಯಲ್ಲಿ ಹುಟ್ಟಿ 2013ರಲ್ಲಿ ನಿಧನರಾದ ಈ ನಾಯಕನ ಗೌರವಾರ್ಥ ವಿಶ್ವಸಂಸ್ಥೆಯು 2009ರಲ್ಲಿ ಈ ದಿನವನ್ನು ಮಂಡೇಲಾ ದಿನವೆಂದು ಘೋಷಿಸಿತು. ಅವರು ಜನಸೇವೆಯಲ್ಲಿ ಕಳೆದ 67 ವರ್ಷಗಳ ನೆನಪಿಗೆ ಅಂದು 67 ನಿಮಿಷ ಪರರಿಗಾಗಿ ದುಡಿಯಿರಿ ಎಂಬ ಕರೆಯೂ ಇದೆ. ಒಳ್ಳೆಯದೇ. ಆದರೆ ಶಾಲೆಯ ಗೋಡೆಗೆ ಸುಣ್ಣ ಬಳಿದು ಕೈ ತೊಳೆದುಕೊಂಡರೆ ಮಂಡೇಲಾ ನಮಗೆ ಅರ್ಥವಾದರು ಎನ್ನಲಾಗದು.

ಅವರ ಬಗ್ಗೆ ನಾವೆಲ್ಲ ಒಂದೇ ವಾಕ್ಯ ಹೇಳುತ್ತೇವೆ: 27 ವರ್ಷ ಜೈಲಿನಲ್ಲಿದ್ದರು, ಹೊರಬಂದು ಎಲ್ಲರನ್ನೂ ಕ್ಷಮಿಸಿದರು. ನಮ್ಮ ಊರುಗಳಲ್ಲಿ ಜಗಳ ಬಿಡಿಸುವ ಹಿರಿಯರು "ಆದದ್ದಾಯಿತು, ಬಿಟ್ಟುಬಿಡಿ" ಎನ್ನುತ್ತಾರಲ್ಲ, ಇದೂ ಹಾಗೆಯೇ ಕೇಳಿಸುತ್ತದೆ. ಆ ಮಾತಿನಿಂದ ಪೆಟ್ಟು ತಿಂದವನು ತೆಪ್ಪಗಾಗುತ್ತಾನೆ, ಅಷ್ಟೆ. ಮಂಡೇಲಾ ಮಾಡಿದ್ದು ಇದಲ್ಲ.

1948ರಿಂದ ಆ ದೇಶದಲ್ಲಿ ವರ್ಣಭೇದವೇ ಸರ್ಕಾರದ ನೀತಿಯಾಗಿತ್ತು. ಎಲ್ಲಿ ಮನೆ ಮಾಡಬೇಕು, ಯಾವ ಶಾಲೆಗೆ ಹೋಗಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನೆಲ್ಲ ಮೈಬಣ್ಣ ನೋಡಿ ಕಾನೂನೇ ನಿರ್ಧರಿಸುತ್ತಿತ್ತು. ಬಹುಸಂಖ್ಯಾತರಾದ ಕಪ್ಪು ಜನರಿಗೆ ಮತದಾನದ ಹಕ್ಕಿರಲಿಲ್ಲ. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ 69 ಜನ ಸತ್ತರು. 1964ರಲ್ಲಿ ಮಂಡೇಲಾ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ರಾಬೆನ್ ದ್ವೀಪದ ಸುಣ್ಣಕಲ್ಲಿನ ಕಣಿಯಲ್ಲಿ ದುಡಿದು, ಆ ಬಿಳುಪಿನ ಝಳಕ್ಕೆ ಅವರ ಕಣ್ಣು ಕೆಟ್ಟಿತು. 1985ರಲ್ಲಿ ಸರ್ಕಾರ ಷರತ್ತು ಹಾಕಿ ಬಿಡುಗಡೆ ಮಾಡುತ್ತೇನೆಂದಾಗ ಅವರು ಒಪ್ಪಲಿಲ್ಲ. ಜನರಿಗೆ ಸ್ವಾತಂತ್ರ್ಯವಿಲ್ಲದೆ ತನಗೊಬ್ಬನಿಗೆ ಬಿಡುಗಡೆ ಬೇಡವೆಂದರು. ಇದನ್ನು ಗಮನಿಸಬೇಕು. ಅವರಿಗೆ ಸಮಾನತೆ ಮೊದಲು, ಸಂಧಾನ ಆಮೇಲೆ. 1990ರಲ್ಲಿ ಹೊರಬಂದ ಮೇಲೂ ಎಲ್ಲರಿಗೂ ಮತದಾನದ ಹಕ್ಕು ಎಂಬ ಬೇಡಿಕೆಯನ್ನು ಅವರು ಬಿಡಲಿಲ್ಲ. 1994ರ ಚುನಾವಣೆಯಲ್ಲಿ ಅದು ಕೈಗೂಡಿತು.

ಅಧ್ಯಕ್ಷರಾದ ಮರುವರ್ಷ ಅವರು, ತಮ್ಮನ್ನು ಜೈಲಿಗೆ ಕಳಿಸಲು ವಾದಿಸಿದ್ದ ಸರ್ಕಾರಿ ವಕೀಲ ಪರ್ಸಿ ಯೂಟರ್‌ರನ್ನು ಊಟಕ್ಕೆ ಕರೆದರು. ವರ್ಣಭೇದ ನೀತಿಯ ಮುಖ್ಯ ಶಿಲ್ಪಿ ಎನಿಸಿದ್ದ ಫೆರ್ವೂರ್ಟ್ ಅವರ ವೃದ್ಧ ಪತ್ನಿಯನ್ನು ಅವರಿದ್ದ ಊರಿಗೇ ಹೋಗಿ ಕಂಡರು. ತಮಗಾದ ಅನ್ಯಾಯವನ್ನು ಕ್ಷಮಿಸುವ ಹಕ್ಕು ಮಂಡೇಲಾ ಅವರಿಗಿತ್ತು. ಪೊಲೀಸ್ ಠಾಣೆಗೆ ಹೋದ ಮಗ ಮರಳಿ ಬರದ ತಾಯಿಯ ಪರವಾಗಿ ಕ್ಷಮಿಸಲು ಅಧ್ಯಕ್ಷನಿಗೂ ಹಕ್ಕಿಲ್ಲ. ಅದಕ್ಕಾಗಿಯೇ 1995ರ ಕಾನೂನಿನಂತೆ ಸತ್ಯ ಮತ್ತು ಸಂಧಾನ ಆಯೋಗ ರಚನೆಯಾಯಿತು. ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಡೆಸ್ಮಂಡ್ ಟುಟು ಅದರ ಅಧ್ಯಕ್ಷರು.

ನಿಯಮ ಹೀಗಿತ್ತು: ರಾಜಕೀಯ ಕಾರಣಕ್ಕೆ ಅಪರಾಧ ಮಾಡಿದವನು ಪೂರ್ತಿ ಸತ್ಯ ಹೇಳಿದರೆ ಮಾತ್ರ ಕ್ಷಮಾದಾನ. ಘೋರ ಕೃತ್ಯಗಳಾದರೆ ನಾಲ್ಕು ಜನರೆದುರು, ನೊಂದವರ ಮುಂದೆಯೇ ಹೇಳಬೇಕು. ಮುಚ್ಚಿಟ್ಟರೆ ಇಲ್ಲ. ಪಾಪನಿವೇದನೆ ಮಾಡುವ ನಮಗೆ ಇದು ಪರಿಚಿತವೆನಿಸಬಹುದು. ಆದರೆ ಇಲ್ಲಿ ಪಶ್ಚಾತ್ತಾಪ ಕಡ್ಡಾಯವಾಗಿರಲಿಲ್ಲ. ಕಣ್ಣೀರನ್ನು ಕಾನೂನಿನಿಂದ ಅಳೆಯುವುದು ಹೇಗೆ? 7,112 ಅರ್ಜಿಗಳು ಬಂದವು, ಕ್ಷಮಾದಾನ ಸಿಕ್ಕಿದ್ದು 849ಕ್ಕೆ. ನೊಂದವರ ಸಾಕ್ಷ್ಯ ಕೇಳುತ್ತಾ ಟುಟು ಮೇಜಿಗೆ ತಲೆಯಿಟ್ಟು ಅತ್ತದ್ದೂ ಉಂಟು. ಮಂಡೇಲಾ ಅವರ ಸ್ವಂತ ಪಕ್ಷದ ತಪ್ಪುಗಳನ್ನೂ ಆಯೋಗ ಬಿಡಲಿಲ್ಲ. 1998ರಲ್ಲಿ ವರದಿ ಹೊರಬರದಂತೆ ಪಕ್ಷ ನ್ಯಾಯಾಲಯಕ್ಕೆ ಹೋಗಿ ಸೋತಿತು. ಮಂಡೇಲಾ ವರದಿಯನ್ನು ಸ್ವೀಕರಿಸಿದರು.

ಒಂದು ಕುಟುಂಬದ ಮಾತು ಹೇಳಬೇಕು. ಏಮಿ ಬೀಲ್ ಎಂಬ 26 ವರ್ಷದ ಅಮೆರಿಕನ್ ವಿದ್ಯಾರ್ಥಿನಿ ಕಪ್ಪು ಜನರ ಹಕ್ಕಿಗಾಗಿಯೇ ದುಡಿಯುತ್ತಿದ್ದಳು. 1993ರಲ್ಲಿ ಸ್ನೇಹಿತರನ್ನು ಮನೆಗೆ ಬಿಡಲು ಹೋದಾಗ, ಬಿಳಿಯಳೆಂಬ ಒಂದೇ ಕಾರಣಕ್ಕೆ ಉದ್ರಿಕ್ತ ಗುಂಪು ಅವಳನ್ನು ಕೊಂದಿತು. ಕೊಂದವರ ಕ್ಷಮಾದಾನಕ್ಕೆ ಅವಳ ತಂದೆತಾಯಿ ಅಡ್ಡಬರಲಿಲ್ಲ. ಮಗಳ ಹೆಸರಿನ ಸಂಸ್ಥೆಯಲ್ಲಿ ಮುಂದೆ ಆ ನಾಲ್ವರಲ್ಲಿ ಇಬ್ಬರಿಗೆ ಕೆಲಸವನ್ನೂ ಕೊಟ್ಟರು. ಹೆತ್ತವರಾದ ನಮಗೆ ಇದನ್ನು ಓದುವುದೇ ಕಷ್ಟ.

ಎಲ್ಲರೂ ಹೀಗೆ ಮಾಡಲಿಲ್ಲ, ಮಾಡಬೇಕಿತ್ತು ಎನ್ನಲು ನಾವು ಯಾರು? 1977ರಲ್ಲಿ ಪೊಲೀಸ್ ವಶದಲ್ಲಿ ಪ್ರಾಣಬಿಟ್ಟ ಸ್ಟೀವ್ ಬಿಕೊ ಅವರ ಮನೆಯವರು, ನಮಗೆ ನ್ಯಾಯ ಬೇಕು ಎಂದು ಈ ಕಾನೂನನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಅವರು ಸೋತರು. ಆದರೂ ಅವರ ಅಳಲು ಸುಳ್ಳಾಗಿರಲಿಲ್ಲ. ನೊಂದವರಿಗೆ ಪರಿಹಾರವೆಂದು 30,000 ರ‍್ಯಾಂಡ್ ಘೋಷಣೆಯಾಗಲು 2003 ಬರಬೇಕಾಯಿತು. ಕ್ಷಮಾದಾನ ಸಿಗದವರ ಮೇಲೆ ಹೂಡಬೇಕಿದ್ದ ಮೊಕದ್ದಮೆಗಳು ಬಹುಪಾಲು ಮೂಲೆಗೆ ಬಿದ್ದವು. ಅವನ್ನು ಯಾರಾದರೂ ತಡೆದರೇ ಎಂದು ತನಿಖೆ ಮಾಡಲು ಅಲ್ಲಿನ ಸರ್ಕಾರ 2025ರಲ್ಲಿ ಆಯೋಗವನ್ನು ನೇಮಿಸಿತು. ಸಂಧಾನವಾಯಿತು, ನ್ಯಾಯ ಅರ್ಧದಲ್ಲಿ ನಿಂತಿತು ಎಂಬುದೇ ನಮ್ಮ ಅನಿಸಿಕೆ. ಮಂಡೇಲಾ ಅವರನ್ನು ಗೌರವಿಸುವವರು ಈ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೊವೆಟೊದಲ್ಲಿ ರೆಜಿನಾ ಮುಂಡಿ ಎಂಬ ದೊಡ್ಡ ಕಥೋಲಿಕ ದೇವಾಲಯವಿದೆ. 1976ರ ಜೂನ್ 16ರಂದು ಗುಂಡೇಟಿಗೆ ಹೆದರಿ ಓಡಿಬಂದ ಶಾಲಾಮಕ್ಕಳು ಅಲ್ಲಿ ಆಶ್ರಯ ಪಡೆದರು. ಪೊಲೀಸರು ಒಳಗೇ ನುಗ್ಗಿ ಗುಂಡು ಹಾರಿಸಿದರು. ಇಪ್ಪತ್ತು ವರ್ಷಗಳ ನಂತರ ಅದೇ ದೇವಾಲಯದಲ್ಲಿ ಟುಟು ಅವರ ಆಯೋಗ ಕುಳಿತು ನೊಂದವರ ಮಾತು ಕೇಳಿತು. ಅಲ್ಲಿನ ಭಕ್ತರು ಗುಂಡಿನ ತೂತುಗಳನ್ನು ಮುಚ್ಚಿಸಲಿಲ್ಲ. ಪೂಜೆಗೆ ಬಂದವರಿಗೆ ಅವು ಇಂದಿಗೂ ಕಾಣಿಸುತ್ತವೆ.