ಪರದೆ ನುಂಗುವ ಅಕ್ಷರಗಳು

1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವಿಟಿ100 ಎಂಬ ಟರ್ಮಿನಲ್ ತಂದಿತು. ಒಂದು ಪರದೆ, ಒಂದು ಕೀಲಿಮಣೆ, ಎಲ್ಲೋ ಇರುವ ಕಂಪ್ಯೂಟರಿಗೆ ಹೋಗುವ ಕೇಬಲ್, ಇಷ್ಟೇ. ಕೇಬಲ್ಲಿನಲ್ಲಿ ಬರುವುದೆಲ್ಲ ಬರೀ ಸಂಖ್ಯೆ. 65 ಬಂದರೆ ಇಂಗ್ಲಿಷಿನ ದೊಡ್ಡ ‘ಎ’ ಮೂಡುತ್ತದೆ. 7 ಬಂದರೆ ಏನೂ ಮೂಡದು, ಬೀಪ್ ಎನ್ನುತ್ತದೆ. 13 ಬಂದರೆ ಕರ್ಸರ್ ಅದೇ ಸಾಲಿನ ಮೊದಲಿಗೆ ಮರಳುತ್ತದೆ, 10 ಬಂದರೆ ಒಂದು ಸಾಲು ಕೆಳಗಿಳಿಯುತ್ತದೆ. ಆಸ್ಕಿ ಪಟ್ಟಿಯಲ್ಲಿ ಇಂಥ ಕಂಟ್ರೋಲ್ ಅಕ್ಷರಗಳು 33 ಇವೆ: 0ಯಿಂದ 31ರವರೆಗಿನವು, ಜೊತೆಗೆ 127.

ಇವುಗಳಲ್ಲಿ 27ನೇ ನಂಬರಿನ ಎಸ್ಕೇಪ್‌ನದೇ ದರ್ಬಾರು. ಅದರ ಬೆನ್ನಿಗೆ ಚೌಕಾಕಾರದ ಆವರಣ ಚಿಹ್ನೆ, 7, ಸಣ್ಣ ‘ಎಂ’ ಬಂದರೆ ಮುಂದಿನ ಅಕ್ಷರಗಳೆಲ್ಲ ಕಪ್ಪು-ಬಿಳುಪು ಅದಲುಬದಲಾಗಿ ಎದ್ದು ಕಾಣುತ್ತವೆ. 7ರ ಬದಲು 0 ಕಳಿಸಿದರೆ ಮಾಮೂಲಿಗೆ ಮರಳುತ್ತವೆ. ಪ್ರೋಗ್ರಾಂ ಬರೆದವರು ಆ 0 ಕಳಿಸಲು ಮರೆತರೋ, ಅಲ್ಲಿಂದಾಚೆ ಮೂಡುವುದೆಲ್ಲ ತಿರುಗುಮುರುಗು. ಅವಾಂತರ ಕಣ್ಣಿಗೆ ರಾಚುತ್ತದೆ. ಅದಕ್ಕೆ ಕಾರಣವಾದ ಆದೇಶ ಮಾತ್ರ ಕಾಣುವುದಿಲ್ಲ, ಟರ್ಮಿನಲ್ ಅದನ್ನು ನುಂಗಿ ಸುಮ್ಮನಿರುತ್ತದೆ.

1983ರಲ್ಲಿ ಬಂದ ವಿಟಿ220ಯ ಸೆಟಪ್ ಮೆನುವಿನಲ್ಲಿ ಇದಕ್ಕೊಂದು ಉಪಾಯವಿತ್ತು: ‘ಡಿಸ್‌ಪ್ಲೇ ಕಂಟ್ರೋಲ್ಸ್’. ಅದನ್ನು ಆನ್ ಮಾಡಿದರೆ ಟರ್ಮಿನಲ್ ಆದೇಶ ಪಾಲಿಸುವುದನ್ನು ಹೆಚ್ಚುಕಡಿಮೆ ಬಿಟ್ಟು, ಬಂದದ್ದನ್ನು ಬಂದ ಹಾಗೇ ಪುಟ್ಟ ಚಿಹ್ನೆಗಳಲ್ಲಿ ತೋರಿಸುತ್ತಿತ್ತು. ಹೊಸ ಸಾಲಿನ ಗುರುತನ್ನು ಮಾತ್ರ ತೋರಿಸಿದ ಮೇಲೆ ಸಾಲನ್ನೂ ಮುರಿಯುತ್ತಿತ್ತು, ಇಲ್ಲವಾದರೆ ಆ ಗಜಿಬಿಜಿಯನ್ನು ಓದುವವರು ಯಾರು? 7 ಎಲ್ಲಿ ಬಂತು, 0 ಎಲ್ಲಿ ಬರಲಿಲ್ಲ ಎಂದು ಬೆರಳಿಟ್ಟು ಹುಡುಕಬಹುದಿತ್ತು. ವಿಧೇಯತೆ ಬಿಟ್ಟ ಯಂತ್ರವೇ ತಪ್ಪು ಹಿಡಿಯಲು ನೆರವಾಯಿತೆನ್ನುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ಆ ಟರ್ಮಿನಲ್‌ಗಳು ಮೂಲೆ ಸೇರಿದವು, ತೊಂದರೆ ಸೇರಲಿಲ್ಲ. ವಿಂಡೋಸ್‌ನಲ್ಲಿ ಫೈಲುಗಳ ಪಟ್ಟಿ ಟೈಪಿಸಿ ಲಿನಕ್ಸ್‌ಗೆ ಕೊಡಿ. ಕಣ್ಣೆದುರಿಗೇ ಇರುವ ಫೈಲನ್ನು ‘ಇಲ್ಲ’ ಎನ್ನಬಹುದು. ವಿಂಡೋಸ್ ಸಾಲಿನ ಕೊನೆಗೆ 13 ಮತ್ತು 10 ಎರಡನ್ನೂ ಇಡುತ್ತದೆ, ಲಿನಕ್ಸ್‌ಗೆ 10 ಸಾಕು. ಉಳಿದ 13 ಫೈಲಿನ ಹೆಸರಿಗೇ ಅಂಟಿಕೊಳ್ಳುತ್ತದೆ. ‘ಕ್ಯಾಟ್’ ಆದೇಶಕ್ಕೆ ‘-ವಿ’ ಸೇರಿಸಿ ಪಟ್ಟಿಯನ್ನು ನೋಡಿದರೆ ಪ್ರತಿ ಹೆಸರಿನ ಬಾಲದಲ್ಲಿ ‘^ಎಂ’ ಇಣುಕುತ್ತದೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ‘ಎಂ’ 13ನೆಯದು, ಲೆಕ್ಕ ಅಷ್ಟೇ.

ಕನ್ನಡದಲ್ಲಿ ಟೈಪಿಸುವವರಿಗೆ ಇದರ ದಾಯಾದಿಯೊಂದಿದೆ. ‘ಸಾಫ್ಟ್‌ವೇರ್’ ಎಂಬಲ್ಲಿ ‘ವೇ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ನಡುವೆ ‘ಜೀರೋ ವಿಡ್ತ್ ನಾನ್ ಜಾಯ್ನರ್’ ಕೂತಿರುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಇದು ಕಂಟ್ರೋಲ್ ಅಕ್ಷರವಲ್ಲ, ಆದರೆ ಕಾಣದಿರುವುದರಲ್ಲಿ ಅದಕ್ಕೇನೂ ಕಡಿಮೆಯಿಲ್ಲ. ಕೊನೆಯ ‘ರ್’ ಆದಮೇಲೂ ಒಮ್ಮೊಮ್ಮೆ ಅದು ನುಸುಳಿರುತ್ತದೆ. ಆಗ ನೋಡಲು ಒಂದೇ ಆದ ಎರಡು ಪದಗಳನ್ನು ಕಂಪ್ಯೂಟರ್ ಬೇರೆಬೇರೆ ಎಂದು ಎಣಿಸಬಹುದು. ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಹರಡಿ ನೋಡಿದರೆ ಒಂದರ ತುದಿಯಲ್ಲಿ ‘ಇ2 80 8ಸಿ’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.